ಅಕ್ರಮ ಕೂಟವೂ ಒಬ್ಬೊಬ್ಬನ ಹೊಣೆಯೂ

ನೂರ ಅರವತ್ತು ವರ್ಷಗಳಿಗೂ ಮಿಕ್ಕ ಕಾಲ ನಮ್ಮ ದೇಶದ ನ್ಯಾಯಸ್ಥಾನಗಳ ಅಂಗಳದಲ್ಲಿ, ವಕೀಲರ ಬಾಯಲ್ಲಿ ಮಾತ್ರವಲ್ಲದೆ ಅಕ್ಷರವರಿಯದ ರೈತನ ಬಾಯಲ್ಲಿಯೂ ಸುಳಿದಾಡುತ್ತಿದ್ದ ಅಂಕೆಗಳಲ್ಲಿ 149 ಎಂಬುದು ಒಂದು. 2024ನೆಯ ಇಸವಿ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದ ಮೇಲೆ ಆ ಅಂಕೆಯ ಸ್ಥಾನದಲ್ಲಿ 190 ಎಂಬ ಅಂಕೆಯು ಬಂದು ಕುಳಿತಿರುವುದು. ಅಂಕೆ ಬದಲಾಯಿತೇ ವಿನಾ ಅರ್ಥವು ಬದಲಾಗಲಿಲ್ಲ. ಅಕ್ರಮ ಕೂಟದಲ್ಲಿ ಸೇರಿದ ಒಬ್ಬನು ಅಪರಾಧವೆಸಗಿದರೆ, ಆ ವೇಳೆಯಲ್ಲಿ ಕೂಟದಲ್ಲಿದ್ದ ಪ್ರತಿಯೊಬ್ಬನೂ ಆ ಅಪರಾಧವನ್ನು ತಾನೇ ಎಸಗಿದಂತೆ ಶಿಕ್ಷಾರ್ಹನಾಗುವ ಸಂದರ್ಭಗಳನ್ನು ಈ ಕಲಮು ಗೊತ್ತುಪಡಿಸುತ್ತದೆ. ಕೈಯೆತ್ತದವನ ಕೊರಳಿಗೂ ಉರುಳು ಬೀಳಬಹುದಾದ ಶಾಸನ ಇದಾಗಿರುವುದರಿಂದ, ಇದರ ಬಲವೇನು, ಇದರ ಮಿತಿಯೇನು ಎಂಬುದನ್ನು ಅಧಿಕಾರಿಗಳೂ ಮಹಾಜನರೂ ಸಮನಾಗಿ ತಿಳಿದಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಮೊದಲು ಶಾಸನದ ಮಾತನ್ನೇ ನೋಡೋಣ. ಐದು ಮಂದಿ ಅಥವಾ ಅದಕ್ಕೆ ಹೆಚ್ಚು ಜನ ಸೇರಿದ ಮಾತ್ರಕ್ಕೆ ಕೂಟವು ಅಕ್ರಮವಾಗುವುದಿಲ್ಲ. ಹಾಗಾಗುವುದಾದರೆ ಜಾತ್ರೆ, ಸಂತೆ, ಮದುವೆಯ ದಿಬ್ಬಣ, ಸಭೆ ಯಾವುದೂ ಉಳಿಯುತ್ತಿರಲಿಲ್ಲ. ಸೇರಿದವರ ಸಮಾನೋದ್ದೇಶವು ಶಾಸನದಲ್ಲಿ ಹೇಳಿದ ಐದು ಬಗೆಗಳಲ್ಲಿ ಒಂದಾಗಿರಬೇಕು. ಬಲಪ್ರಯೋಗದಿಂದ ಸರ್ಕಾರವನ್ನೋ ಸರ್ಕಾರಿ ನೌಕರನನ್ನೋ ಬೆದರಿಸುವುದು. ಕಾನೂನಿನ ಜಾರಿಯನ್ನು ಅಡ್ಡಗಟ್ಟುವುದು. ನಷ್ಟಪಡಿಸುವುದು, ಅತಿಕ್ರಮ ಪ್ರವೇಶ ಅಥವಾ ಬೇರೆ ಅಪರಾಧವನ್ನೆಸಗುವುದು. ಬಲಾತ್ಕಾರದಿಂದ ಸ್ವತ್ತನ್ನು ವಶಪಡಿಸಿಕೊಳ್ಳುವುದು ಅಥವಾ ಒಬ್ಬನ ಹಕ್ಕನ್ನು ಕಸಿಯುವುದು. ಮಾಡಬೇಕಾಗಿಲ್ಲದ ಕೆಲಸವನ್ನು ಒಬ್ಬನಿಂದ ಬಲವಂತವಾಗಿ ಮಾಡಿಸುವುದು. ಇವೇ ಆ ಐದು. ಇಂತಹ ಉದ್ದೇಶವುಳ್ಳ ಕೂಟವೆಂದು ತಿಳಿದೂ ಅದರಲ್ಲಿ ಸೇರಿದವನು ಅಥವಾ ಅದರಲ್ಲಿ ಮುಂದುವರಿದವನು ಅದರ ಸದಸ್ಯನು. ಹೀಗೆ ಸದಸ್ಯನಾದ ಮಾತ್ರಕ್ಕೇ ಆರು ತಿಂಗಳವರೆಗೆ ಸಜೆಯುಂಟು. ಕೂಟವು ಬಲಪ್ರಯೋಗಕ್ಕೆ ಇಳಿದರೆ ಅದು ದೊಂಬಿಯಾಗಿ ಎರಡು ವರ್ಷಗಳವರೆಗೆ ಸಜೆಯಾಗಬಹುದು.

ಇದಕ್ಕಿಂತ ಗುರುತರವಾದುದು 190ನೆಯ ಕಲಮು. ಅದಕ್ಕೆ ಎರಡು ಬಾಗಿಲುಗಳಿವೆ. ಕೂಟದ ಸಮಾನೋದ್ದೇಶದ ಸಾಧನೆಯಲ್ಲಿಯೇ ಅಪರಾಧ ನಡೆದಿರಬೇಕು, ಇದು ಮೊದಲನೆಯದು. ಆ ಉದ್ದೇಶದ ಸಾಧನೆಯಲ್ಲಿ ಅಂತಹ ಅಪರಾಧ ನಡೆಯುವ ಸಂಭವವಿದೆಯೆಂದು ಸದಸ್ಯರು ಬಲ್ಲವರಾಗಿರಬೇಕು, ಇದು ಎರಡನೆಯದು. ಹೊಲದ ಬೇಲಿ ಕೀಳಲೆಂದು ಬರಿಗೈಯಲ್ಲಿ ಹೋದ ಹತ್ತು ಮಂದಿಯಲ್ಲಿ ಒಬ್ಬನು ಮಡಿಲಲ್ಲಿ ಅಡಗಿಸಿಟ್ಟ ಚೂರಿಯನ್ನು ತೆಗೆದು ಇರಿದರೆ, ಚೂರಿಯ ಸುಳಿವೇ ಇಲ್ಲದಿದ್ದ ಉಳಿದ ಒಂಬತ್ತು ಮಂದಿಯನ್ನು ಕೊಲೆಗಾರರೆನ್ನಲು ಬರುವುದಿಲ್ಲ. ಹುಲ್ಲುಮಾಡಿನ ಕೇರಿಗೆ ಕೊಳ್ಳಿ ಹಿಡಿದು ನಡುರಾತ್ರಿ ಹೋದವರಾದರೋ, ಒಳಗೆ ಮಲಗಿದ್ದವರು ಸಾಯುವರೆಂದು ನಮಗೆ ತಿಳಿಯದಿತ್ತೆಂದು ಹೇಳಲಾರರು. ಜೊತೆಯಲ್ಲಿದ್ದವನ ಮನಸ್ಸಿನಲ್ಲಿ ಏನಿತ್ತು, ಏನನ್ನು ಅವನು ಬಲ್ಲವನಾಗಿದ್ದ ಎಂಬ ಪ್ರಶ್ನೆ ಈ ಶಾಸನದ ಜೀವಾಳ. ಅದನ್ನು ಮರೆತು ಕಲಮನ್ನು ಬಳಸಿದರೆ ಅದು ನ್ಯಾಯದ ತಕ್ಕಡಿಯಾಗಿ ಉಳಿಯದೆ ಬೀಸುವ ಬಲೆಯಾಗುವುದು.

ಇಂತಹ ಶಾಸನವೇ ಏಕೆ ಬೇಕು, ಮಾಡಿದವನು ಉಣ್ಣಲಿ ಎಂದರೆ ಸಾಲದೆ, ಎಂದು ಕೆಲವರು ಕೇಳುವುದುಂಟು. ಅದಕ್ಕೆ ಉತ್ತರವನ್ನು ವಿಲಾಯಿತಿಯ ಪುಸ್ತಕಗಳಲ್ಲಿ ಹುಡುಕಬೇಕಾಗಿಲ್ಲ. ಚಕ್ರವ್ಯೂಹದಲ್ಲಿ ಸಿಕ್ಕಿದ ಬಾಲಕ ಅಭಿಮನ್ಯುವಿನ ಬಿಲ್ಲನ್ನು ಒಬ್ಬನು ಕತ್ತರಿಸಿದ, ಕುದುರೆಗಳನ್ನು ಇನ್ನೊಬ್ಬನು ಕೊಂದ, ಸಾರಥಿಯನ್ನು ಮತ್ತೊಬ್ಬನು ಕೆಡಹಿದ, ಕೊನೆಯ ಗದೆಯ ಪೆಟ್ಟು ಹಾಕಿದವನು ಬೇರೊಬ್ಬ. ಕೊನೆಯ ಪೆಟ್ಟು ಹಾಕಿದವನೊಬ್ಬನೇ ಕೊಂದವನು, ಉಳಿದ ಮಹಾರಥರು ನಿರ್ದೋಷಿಗಳು ಎಂದು ಈ ನಾಡಿನಲ್ಲಿ ಭಾರತವನ್ನು ಕೇಳಿದ ಮುದುಕಿಯೂ ಒಪ್ಪಲಾರಳು. ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಮೆಚ್ಚಿಕೊಂಡವನಿಗೂ ಪಾಪದ ಪಾಲುಂಟೆಂಬುದು ನಮ್ಮ ಹಿರಿಯರ ತಿಳಿವಳಿಕೆ. ಒಂಟಿಯಾಗಿ ಒಂದು ನಾಯಿಗೆ ಕಲ್ಲೆಸೆಯಲು ಅಂಜುವ ಮನುಷ್ಯನು ಗುಂಪಿನಲ್ಲಿ ಗೋವಿಂದ ಎಂದು ಮನೆಗೆ ಬೆಂಕಿಯಿಡಲು ಹಿಂಜರಿಯುವುದಿಲ್ಲ. ಸಂಖ್ಯೆಯು ಅವನಿಗೆ ಧೈರ್ಯವನ್ನೂ ಕೊಡುತ್ತದೆ, ಮರೆಯನ್ನೂ ಕೊಡುತ್ತದೆ. ಯಾವ ಕೈಯಿಂದ ಯಾವ ಏಟು ಬಿತ್ತೆಂದು ತೋರಿಸಿದ ಹೊರತು ಶಿಕ್ಷೆಯಿಲ್ಲವೆಂದು ಕಾನೂನು ಹೇಳಿದರೆ, ಗುಂಪು ದೊಡ್ಡದಾದಷ್ಟೂ ಅಪರಾಧವು ಸುರಕ್ಷಿತವಾಗುವುದು. ನಾಲ್ವರು ಕೊಂದರೆ ಗಲ್ಲು, ನಾನೂರು ಮಂದಿ ಕೊಂದರೆ ಖುಲಾಸೆ ಎಂಬ ವಿಪರೀತಕ್ಕೆ ಎಡೆಯಾಗುವುದು.

ಆ ವಿಪರೀತವನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೆಯ ಇಸವಿ ಮಾರ್ಚಿ 11ರಂದು ಏಳು ಮಂದಿ ದಲಿತರು ಮನೆಯೊಳಗೆ ಜೀವಂತವಾಗಿ ಸುಟ್ಟುಹೋದರು. ಮೊಕದ್ದಮೆ ನಡೆಯಿತು, ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲವಾದರು, 2006ರಲ್ಲಿ ಸೆಷನ್ಸ್ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಹೆಣಗಳು ಬಿದ್ದುದು ನಿಜ. ಕೊಂದವರು ಮಾತ್ರ ಕಾನೂನಿನ ಕಣ್ಣಿಗೆ ಯಾರೂ ಇಲ್ಲ. ಇಲ್ಲಿ ಶಾಸನದಲ್ಲಿ ಕೊರತೆಯೇನೂ ಇರಲಿಲ್ಲ. ಕಲಮು ಪುಸ್ತಕದಲ್ಲಿ ಇದ್ದೇ ಇತ್ತು. ಸಾಕ್ಷ್ಯವಿಲ್ಲದ ಕಲಮು ಎಣ್ಣೆಯಿಲ್ಲದ ದೀಪವೆಂಬುದನ್ನು ಈ ಮೊಕದ್ದಮೆಯು ತೋರಿಸಿಕೊಟ್ಟಿತು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವನ್ನು ನೋಡಬೇಕಾದರೆ ಸಂಯುಕ್ತ ಪ್ರಾಂತದ ಗೋರಖಪುರ ಜಿಲ್ಲೆಯ ಚೌರಿಚೌರಾವನ್ನು ನೆನೆಯಬೇಕು. 1922ನೆಯ ಇಸವಿ ಫೆಬ್ರವರಿ 4ರಂದು ಅಲ್ಲಿ ಗುಂಡೇಟಿನಿಂದ ಕೆರಳಿದ ಜನಸಮೂಹವು ಪೊಲೀಸ್ ಠಾಣೆಗೆ ಬೆಂಕಿಯಿಟ್ಟಿತು. ಇಪ್ಪತ್ತಕ್ಕೆ ಮಿಕ್ಕು ಪೊಲೀಸರೂ ಚೌಕೀದಾರರೂ ಸತ್ತರು. ಅದು ಘೋರಕೃತ್ಯವೆಂಬುದರಲ್ಲಿ ಸಂಶಯವಿಲ್ಲ. ಮಹಾತ್ಮಾ ಗಾಂಧಿಯವರು ದೇಶವ್ಯಾಪಿಯಾದ ಚಳವಳಿಯನ್ನೇ ನಿಲ್ಲಿಸಿ, ಐದು ದಿನಗಳ ಉಪವಾಸವನ್ನು ಕೈಕೊಂಡರು. ನೈತಿಕವಾದ ಹೊಣೆಯನ್ನು ತಾವೇ ಹೊತ್ತರು. ಆದರೆ ನ್ಯಾಯಾಲಯದಲ್ಲಿ ನಡೆದುದೇನು? 1923ರ ಜನವರಿಯಲ್ಲಿ ಗೋರಖಪುರದ ಸೆಷನ್ಸ್ ನ್ಯಾಯಾಧೀಶರು 172 ಮಂದಿಗೆ ಒಂದೇ ತೀರ್ಪಿನಲ್ಲಿ ಮರಣದಂಡನೆಯನ್ನು ವಿಧಿಸಿದರು. ಗುಂಪಿನಲ್ಲಿದ್ದವನು ಎಂದೊಡನೆ ಕೊಲೆಗಾರನು ಎಂಬ ಗಣಿತ ಅದು. ಪಂಡಿತ ಮದನಮೋಹನ ಮಾಳವೀಯರು ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ಆ ಬಡಪಾಯಿಗಳ ಪರವಾಗಿ ವಾದಿಸಿದರು. ಆ ವರ್ಷದ ಏಪ್ರಿಲ್ 30ರ ತೀರ್ಪಿನಲ್ಲಿ 19 ಮಂದಿಯ ಮರಣದಂಡನೆ ಮಾತ್ರ ಕಾಯಮ್ಮಾಯಿತು. 110 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 38 ಮಂದಿ ಪೂರ್ಣವಾಗಿ ಬಿಡುಗಡೆಯಾದರು.

172ಕ್ಕೂ 19ಕ್ಕೂ ನಡುವೆ ಇರುವ ಅಂತರವು 153 ಪ್ರಾಣಗಳು. ಎರಡು ನ್ಯಾಯಾಲಯಗಳ ಮುಂದೆ ಇದ್ದುದೂ ಅದೇ ಶಾಸನ, ಅದೇ ಕಾಗದಪತ್ರ, ಅದೇ ಮಾಫಿ ಸಾಕ್ಷಿಯ ಹೇಳಿಕೆ. ಒಂದು ನ್ಯಾಯಾಲಯವು ಗುಂಪನ್ನು ನೋಡಿತು. ಇನ್ನೊಂದು ಗುಂಪಿನೊಳಗಿನ ಮನುಷ್ಯರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಲು ಕುಳಿತಿತು. ಪರರ ಆಳಿಕೆಯ ಕಾಲದ ಆ ಉಚ್ಚ ನ್ಯಾಯಾಲಯದ ತೀರ್ಪೂ ಕಠೋರವೇ ಸರಿ, ಅದನ್ನು ನಾವು ಹೊಗಳಹೊರಟಿಲ್ಲ. ಆದರೆ ಅಷ್ಟು ಮಾತ್ರದ ಪರಿಶೀಲನೆಯಿಂದಲೇ ನೂರೈವತ್ತಕ್ಕೂ ಹೆಚ್ಚು ಮಂದಿ ಗಲ್ಲಿನಿಂದ ಕೆಳಗಿಳಿದರು, 38 ಮಂದಿ ಮನೆಗೆ ಮರಳಿದರು ಎಂದಮೇಲೆ, ಆ ಪರಿಶೀಲನೆ ಇಲ್ಲದೆ ಹೋದ ಕಡೆಗಳಲ್ಲಿ ಈ ಶಾಸನವು ಏನು ಮಾಡಬಲ್ಲುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಮ್ಮ ಸೀಮೆಯ ನೆನಪೂ ಇದಕ್ಕೆ ಹೊರತಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ರೋಷಕ್ಕೆ ತುತ್ತಾಗಿ ಸತ್ತರು. 1943ರ ಮಾರ್ಚಿಯಲ್ಲಿ ಆ ಹಳ್ಳಿಯ ಐದು ಮಂದಿ ಗಲ್ಲಿಗೇರಿದರು. ನಾಡು ಅವರನ್ನು ಹುತಾತ್ಮರೆಂದು ಪೂಜಿಸುತ್ತದೆ. ಕರ್ತವ್ಯದ ಮೇಲೆ ಹೋಗಿ ಹಿಂದಿರುಗದ ಅಧಿಕಾರಿಗಳ ಮನೆಗಳಲ್ಲಿಯೂ ದೀಪಗಳು ಆರಿಹೋದುವು. ಊರೇ ಒಂದಾಗಿ ಕೆರಳಿದ ಗಳಿಗೆಯಲ್ಲಿ ಯಾರನ್ನು ಎಷ್ಟರ ಮಟ್ಟಿಗೆ ಹೊಣೆ ಮಾಡಬೇಕೆಂಬುದು ಎಷ್ಟು ಕಠಿಣವಾದ ಪ್ರಶ್ನೆಯೆಂಬುದನ್ನು ಕನ್ನಡಿಗರು ಹಾಗೆ ರಕ್ತ ಚೆಲ್ಲಿ ಕಲಿತಿದ್ದಾರೆ.

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಹಾಕಿಕೊಟ್ಟ ದಾರಿ ಯಾವುದು? 1964ರಲ್ಲಿ ಮಸಾಲ್ತಿ ಎಂಬ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರರು ಇದನ್ನು ವಿವರಿಸಿದ್ದಾರೆ. ಅಕ್ರಮ ಕೂಟದ ಪ್ರತಿಯೊಬ್ಬ ಸದಸ್ಯನೂ ತನ್ನ ಕೈಯಿಂದ ಏನಾದರೊಂದು ಕೃತ್ಯವನ್ನು ಮಾಡಿದನೆಂದು ರುಜುವಾತಾಗಬೇಕಾಗಿಲ್ಲ. ಉದ್ದೇಶದಲ್ಲಿ ಪಾಲುಗೊಂಡ ಸದಸ್ಯನಾಗಿದ್ದರೆ ಸಾಕು. ಆದರೆ ಕುತೂಹಲದಿಂದ ನೋಡುತ್ತ ನಿಂತವನು ಸದಸ್ಯನಲ್ಲ. ಆರೋಪಿಗಳೂ ಅನೇಕರು, ಹತರೂ ಅನೇಕರು ಆಗಿರುವ ಮೊಕದ್ದಮೆಯಲ್ಲಿ ಒಬ್ಬನನ್ನು ತಪ್ಪಿತಸ್ಥನೆನ್ನಲು ಇಬ್ಬರು ಮೂವರು ಸಾಕ್ಷಿಗಳಾದರೂ ಒಂದೇ ಬಗೆಯಾಗಿ ಅವನನ್ನು ಗುರುತಿಸಿರಬೇಕೆಂಬ ಎಚ್ಚರಿಕೆಯ ಕ್ರಮವು ವಿಹಿತವಾದುದು. ಈ ಮಾತಿನ ಸಾರವನ್ನು ನಾವು ಹೀಗೆ ಹೇಳುತ್ತೇವೆ: ಹೊಣೆಯು ಸಾಮೂಹಿಕವಾಗಿರಬಹುದು, ರುಜುವಾತು ಮಾತ್ರ ಒಬ್ಬೊಬ್ಬನದೇ ಆಗಿರಬೇಕು. ಕಾನೂನು ಗುಂಪಿಗೆ ಶಿಕ್ಷೆ ವಿಧಿಸುವುದಿಲ್ಲ; ಗುಂಪಿನಲ್ಲಿ ತಿಳಿದು ಸೇರಿದ ಒಬ್ಬೊಬ್ಬ ಮನುಷ್ಯನಿಗೆ ವಿಧಿಸುತ್ತದೆ.

ನೋಡುತ್ತ ನಿಂತವನ ಪ್ರಶ್ನೆಯು ನಮ್ಮ ಜನಕ್ಕೆ ಹೊಸದಲ್ಲ. ದ್ರೌಪದಿಯ ಸೀರೆಗೆ ಕೈಹಾಕಿದವನು ದುಶ್ಶಾಸನ, ಹಾಕಿಸಿದವನು ದುರ್ಯೋಧನ, ಹುರಿದುಂಬಿಸಿದವನು ಕರ್ಣ, ತಲೆ ತಗ್ಗಿಸಿ ಕುಳಿತವರು ಭೀಷ್ಮದ್ರೋಣರು, ಇದು ಅನ್ಯಾಯವೆಂದು ಎದ್ದು ನುಡಿದವನು ವಿಕರ್ಣ. ಮೊದಲಿನ ಮೂವರನ್ನು ಯಾವ ನ್ಯಾಯಾಲಯವೂ ಒಂದೇ ಕೂಟದವರೆಂದು ಕಾಣುವುದು. ಹಿರಿಯರ ಮೌನವನ್ನು ಸಾವಿರಾರು ವರ್ಷಗಳಿಂದ ನಮ್ಮ ಜನ ಕ್ಷಮಿಸಿಲ್ಲ, ಕ್ಷಮಿಸಲೂಬಾರದು. ಆದರೆ ಆ ಮೌನವು ಧರ್ಮದ ಕಟಕಟೆಯಲ್ಲಿ ನಿಲ್ಲಬೇಕಾದ ಪಾಪ, ದಂಡಸಂಹಿತೆಯ ಕಟಕಟೆಯಲ್ಲಿ ಅಲ್ಲ. ಹೇಡಿತನಕ್ಕೆ ನಿಂದೆ ಸಲ್ಲುತ್ತದೆ, ಗಲ್ಲು ಸಲ್ಲುವುದಿಲ್ಲ. ಈ ಎರಡನ್ನೂ ಬೆರೆಸಿದರೆ ಊರಿನಲ್ಲಿ ಗಲಾಟೆಯಾದ ದಿನ ಮನೆಯ ಜಗಲಿಯ ಮೇಲೆ ನಿಂತಿದ್ದವರೆಲ್ಲ ಆರೋಪಿಗಳಾಗುವರು.

ಈಚಿನ ಕಾಲದಲ್ಲಿ ಈ ಪ್ರಶ್ನೆಯು ಹೊಸ ವೇಷದಲ್ಲಿ ಬಂದಿದೆ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಮಿಠಾಯಿ ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ, ಮೊಬೈಲಿನಲ್ಲಿ ಹಬ್ಬಿದ ವದಂತಿಯನ್ನು ನಂಬಿದ ಜನರು ಅವರ ಕಾರನ್ನು ಅಡ್ಡಗಟ್ಟಿ ಒಬ್ಬ ನಿರಪರಾಧಿಯನ್ನು ಬಡಿದು ಕೊಂದರು. ಇಂತಹ ಪ್ರಸಂಗದಲ್ಲಿ ವದಂತಿಯನ್ನು ಕಳುಹಿಸಿದವನೊಬ್ಬ, ದಾರಿಗೆ ಅಡ್ಡ ಹಾಕಿದವನೊಬ್ಬ, ಹೊಡೆದವನೊಬ್ಬ, ಕೊಲ್ಲಿ ಎಂದು ಕೂಗಿದವನೊಬ್ಬ, ಕೈಯಲ್ಲಿ ಮೊಬೈಲು ಹಿಡಿದು ಚಿತ್ರ ತೆಗೆಯುತ್ತ ನಿಂತವನೊಬ್ಬ, ಬೇಡಿರಪ್ಪಾ ಎಂದು ಬಿಡಿಸಲು ಹೋದವನೊಬ್ಬ ಇರುವುದು ಸಹಜ. ಇವರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದೂ ತಪ್ಪು, ಹೊಡೆದವನೊಬ್ಬನನ್ನೇ ಹಿಡಿದು ಉಳಿದವರನ್ನು ಬಿಡುವುದೂ ತಪ್ಪು. ಆ ತಿಂಗಳ 17ರಂದೇ ಸರ್ವೋಚ್ಚ ನ್ಯಾಯಾಲಯವು ಇಂತಹ ಗುಂಪುಕೊಲೆಗಳ ತಡೆಗಾಗಿ ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದೂ, ಮೊಕದ್ದಮೆಗಳನ್ನು ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ಮುಗಿಸಬೇಕೆಂದೂ ಆಜ್ಞಾಪಿಸಿತು.

ನೂತನ ಸಂಹಿತೆಯು ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 103ನೆಯ ಕಲಮಿನ ಎರಡನೆಯ ಉಪಕಲಮಿನಂತೆ, ಐದು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ ಕುಲ, ಜಾತಿ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಮುಂತಾದ ಕಾರಣದಿಂದ ಕೊಲೆ ಮಾಡಿದರೆ ಅವರಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಸಜೆ. ಗುಂಪುಕೊಲೆಯನ್ನು ಹೆಸರಿಡಿದು ಖಂಡಿಸಿದ ಈ ವಿಧಿಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಶಿಕ್ಷೆಯು ಘೋರವಾದಷ್ಟೂ ರುಜುವಾತಿನ ಹೊರೆ ಭಾರವಾಗಬೇಕೆಂಬ ಮಾತನ್ನು ಇದರ ಜೊತೆಯಲ್ಲಿಯೇ ಹೇಳಬೇಕಾಗಿದೆ. ಒಟ್ಟುಗೂಡಿ ಮಾಡಿದರೆ ಎಂಬ ಪದಕ್ಕೆ ತೂಕ ಕೊಡದೆ, ಅಲ್ಲಿ ಇದ್ದನಲ್ಲವೆ ಎಂಬಷ್ಟಕ್ಕೇ ತೃಪ್ತರಾಗುವ ತನಿಖೆಯು ನಮ್ಮನ್ನು ಮತ್ತೆ 1923ರ ಗೋರಖಪುರಕ್ಕೆ ಒಯ್ಯುವುದು.

ಕೊಪ್ಪಳ ಜಿಲ್ಲೆಯ ಮರಕುಂಬಿಯ ಮೊಕದ್ದಮೆಯು ಈ ಸಂದರ್ಭದಲ್ಲಿ ವಿಚಾರಾರ್ಹವಾದುದು. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ತರುವಾಯ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 101 ಮಂದಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳಲ್ಲಿಯೇ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅವರಲ್ಲಿ ಬಹುಮಂದಿಗೆ ಜಾಮೀನು ಕೊಟ್ಟಿತು. ಅಪೀಲಿನ ಗುಣದೋಷಗಳ ಮಾತನ್ನು ನಾವು ಆಡುವುದಿಲ್ಲ; ಅದು ನ್ಯಾಯಮೂರ್ತಿಗಳ ಕೆಲಸ. ಆದರೆ ಕಂಬಾಲಪಲ್ಲಿಯಲ್ಲಿ ಯಾರಿಗೂ ಇಲ್ಲದ ಶಿಕ್ಷೆ ಮರಕುಂಬಿಯಲ್ಲಿ ನೂರೊಂದು ಮಂದಿಗೆ ಆದುದನ್ನು ಕಂಡು, ದುರ್ಬಲನ ಗುಡಿಸಲಿಗೆ ಬೆಂಕಿಯಿಟ್ಟರೆ ಕೇಳುವವರಿಲ್ಲವೆಂಬ ಹಳೆಯ ನಂಬಿಕೆಯ ಬುಡ ಅಲ್ಲಾಡಿದುದು ಸತ್ಯ. ಆ ತೀರ್ಪಿಗೆ ಹತ್ತು ವರ್ಷ ಹಿಡಿದುದೂ ಸತ್ಯ. ಬೆಂಕಿ ಕಂಡ ಮಗುವು ಯುವಕನಾಗುವವರೆಗೆ ಕಾಯಿಸಿದ ನ್ಯಾಯವು ಎರಡು ಪಕ್ಷಕ್ಕೂ ಅನ್ಯಾಯವೇ. ಆ ಹತ್ತು ವರ್ಷಗಳಲ್ಲಿ ತಪ್ಪಿತಸ್ಥನು ಎದೆಯುಬ್ಬಿಸಿ ತಿರುಗುತ್ತಾನೆ. ನಿರ್ದೋಷಿಯಾದವನು ಕೋರ್ಟಿನ ಮೆಟ್ಟಲು ಸವೆಸುತ್ತಾನೆ.

ಇನ್ನು ಅಧಿಕಾರವರ್ಗದವರಲ್ಲಿ ನಮ್ಮ ಬಿನ್ನಹ. ಗುಂಪು ಮೊಕದ್ದಮೆಯು ನಿಲ್ಲುವುದೂ ಬೀಳುವುದೂ ಮೊದಲ ಒಂದೆರಡು ದಿನಗಳಲ್ಲಿ. ದ್ವೇಷದ ಪಕ್ಷದವರು ಕೊಟ್ಟ ಪಟ್ಟಿಯಲ್ಲಿ ಅಣ್ಣ, ತಮ್ಮ, ಮಾವ, ಭಾವ, ಊರಲ್ಲಿಯೇ ಇಲ್ಲದ ಮಗ ಎಲ್ಲರ ಹೆಸರೂ ಸೇರುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ಆ ಪಟ್ಟಿಯನ್ನು ಹಾಗೆಯೇ ನಕಲು ಮಾಡಿ ದೋಷಾರೋಪಣಪಟ್ಟಿಗೆ ಹಚ್ಚುವುದು ತನಿಖೆಯಲ್ಲ, ಗುಮಾಸ್ತೆಯ ಕೆಲಸ. ಪ್ರತಿಯೊಬ್ಬನನ್ನು ಕುರಿತು ಅವನು ಅಲ್ಲಿದ್ದನೆ, ಏಕೆ ಬಂದಿದ್ದ, ಕೈಯಲ್ಲೇನಿತ್ತು, ಏನು ಕೂಗಿದ, ಯಾವಾಗ ಹೋದ, ಯಾರು ಯಾರು ಕಂಡರು ಎಂಬ ಪ್ರಶ್ನೆಗಳಿಗೆ ಪ್ರತ್ಯೇಕವಾದ ಉತ್ತರವು ಕಡತದಲ್ಲಿ ಇರಬೇಕು. ಅಪರಿಚಿತರಾದರೆ ಗುರುತು ಪರೇಡು ತಡವಿಲ್ಲದೆ ನಡೆಯಬೇಕು. ಅನೇಕರ ಹೆಸರನ್ನು ತುರುಕಿದರೆ ಮೊಕದ್ದಮೆ ಬಲವಾಗುವುದೆಂಬುದು ಭ್ರಮೆ. ಸುಳ್ಳು ಹೆಸರುಗಳು ಕಳಚಿಬೀಳುವಾಗ ನಿಜವಾದ ಹೆಸರುಗಳನ್ನೂ ಎಳೆದುಕೊಂಡು ಬೀಳುತ್ತವೆ. ಬೇರೆ ಯಾರೂ ಜೊತೆಯಲ್ಲಿದ್ದರೆಂದು ತೋರದೆ ಉಳಿದವರು ಐವರಿಗಿಂತ ಕಡಮೆಯಾದರೆ ಅಕ್ರಮ ಕೂಟವೆಂಬ ಆಧಾರವೇ ಕುಸಿಯುತ್ತದೆ. ಹಾಗೆ ಕುಸಿದ ಮೇಲೆ ಚಿಂತಿಸುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಸಾಕ್ಷಿಯ ರಕ್ಷಣೆಯೂ ಅಷ್ಟೇ ಮುಖ್ಯ. ಊರಿನ ಬಾವಿಯನ್ನೂ ಕೂಲಿಯನ್ನೂ ಆರೋಪಿಗಳ ಕೈಯಲ್ಲಿಯೇ ಬಿಟ್ಟು, ನಿಜ ಹೇಳು ಎಂದು ಬಡವನನ್ನು ಕಟಕಟೆಗೆ ಹತ್ತಿಸಿದರೆ ಅವನು ಏನು ಹೇಳಿಯಾನು? 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿರಕ್ಷಣೆಯ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 398ನೆಯ ಕಲಮು ಪ್ರತಿ ರಾಜ್ಯ ಸರ್ಕಾರವೂ ಅಂತಹ ಯೋಜನೆಯನ್ನು ರಚಿಸಬೇಕೆಂದು ವಿಧಿಸಿದೆ. ಕಾಗದದ ಮೇಲಿನ ರಕ್ಷಣೆಯು ಹಳ್ಳಿಯ ಕೇರಿಗೆ ಇಳಿದು ಬಂದರೆ ಮಾತ್ರ ಸಾರ್ಥಕ.

ಮಹಾಜನರಿಗೆ, ವಿಶೇಷವಾಗಿ ತರುಣರಿಗೆ, ನಮ್ಮ ಹಿತವಚನವು ಇಷ್ಟೆ. ಸಕ್ರಮವಾಗಿ ಸೇರಿದ ಕೂಟವೂ ನಡುವೆ ಅಕ್ರಮವಾಗಬಹುದೆಂದು ಕಾನೂನೇ ಹೇಳುತ್ತದೆ. ಮೆರವಣಿಗೆಗೆಂದು ಹೋದವನು ಕಲ್ಲು ತೂರುವುದನ್ನು ಕಂಡ ಗಳಿಗೆಯಲ್ಲಿ ಹಿಂದಿರುಗಿದರೆ ಅವನು ಸದಸ್ಯನಲ್ಲ. ಕಂಡೂ ಮುಂದುವರಿದರೆ ಸದಸ್ಯನು. ಅಪರಾಧ ನಡೆದ ವೇಳೆಯಲ್ಲಿ ಕೂಟದಲ್ಲಿದ್ದವನಿಗೇ ಹೊಣೆಯಾದುದರಿಂದ, ಹಿಂದಕ್ಕಿಟ್ಟ ಒಂದು ಹೆಜ್ಜೆಗೆ ಇಡೀ ಜೀವಮಾನದ ಬೆಲೆಯುಂಟು. ಜನರನ್ನು ಕೆರಳಿಸುವ ಭಾಷಣ ಮಾಡಿ ಬೆಂಕಿ ಹತ್ತುವ ಹೊತ್ತಿಗೆ ಮನೆ ಸೇರುವ ಮುಖಂಡರ ಮಾತಿಗೆ ಮರುಳಾಗಿ, ಬಡವರ ಮಕ್ಕಳು ಜೈಲು ಸೇರುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅಂತಹ ಮುಖಂಡರ ಮೇಲೆ ದುಷ್ಪ್ರೇರಣೆಯ ಕಲಮುಗಳನ್ನು ಹೂಡಲು ಸರ್ಕಾರದವರು ಹಿಂದೆಗೆಯಬಾರದು.

ಒಣಗಿದ್ದರ ಜೊತೆಗೆ ಹಸಿಯೂ ಸುಡುವುದು ಕಾಡುಗಿಚ್ಚಿನ ಗುಣ; ನ್ಯಾಯದ ಬೆಂಕಿಗೆ ಆ ಗುಣ ಇರಕೂಡದು. ಹಸಿಯಿದೆಯೆಂಬ ನೆವದಿಂದ ಒಣಗಿದ್ದನ್ನೂ ಸುಡದೆ ಬಿಡುವುದು ನ್ಯಾಯವಲ್ಲ. ಗುಂಪು ಎಷ್ಟೇ ದೊಡ್ಡದಾಗಿರಲಿ ಅದರಲ್ಲಿ ತಿಳಿದು ಸೇರಿದ ಒಬ್ಬನೂ ತಪ್ಪಿಸಿಕೊಳ್ಳದಂತೆ, ತಿಳಿಯದೆ ಸಿಕ್ಕಿದ ಒಬ್ಬನೂ ಶಿಕ್ಷೆಗೊಳಗಾಗದಂತೆ ಈ ಶಾಸನವನ್ನು ನಡೆಸುವುದು ಪೊಲೀಸರಿಗೂ ನ್ಯಾಯಾಧೀಶರಿಗೂ ಸೇರಿದ ಭಾರ. ಅಂಕೆ 149 ಆಗಿರಲಿ, 190 ಆಗಿರಲಿ, ಎಣಿಸಬೇಕಾದುದು ತಲೆಗಳನ್ನಲ್ಲ, ಮನುಷ್ಯರನ್ನು.